ಫಾರ್ವರ್ಡ್ ತಕ್ಷಣ ತೆರೆಯುತ್ತದೆ, ನಿಜ ಹೇಳುವ ಲಿಂಕ್ ಯಾಕೆ ಸುತ್ತುತ್ತಲೇ ಇರುತ್ತದೆ?

ಬೆಳಿಗ್ಗೆ ಏಳಕ್ಕೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬರುತ್ತದೆ. ಬಿಸಿ ಎಳನೀರು ಕುಡಿದರೆ ಕ್ಯಾನ್ಸರ್ ಕಣಗಳು ಸಾಯುತ್ತವೆ ಎಂಬ ಹಳೆಯ ಸುದ್ದಿಯೇ, ಯಾವುದೋ ದೊಡ್ಡ ಆಸ್ಪತ್ರೆಯ ವೈದ್ಯರ ಹೆಸರು ಹಾಕಿಕೊಂಡು ಇನ್ನೊಮ್ಮೆ ಬಂದಿದೆ. ಕಳಿಸಿದವರು ದೊಡ್ಡಪ್ಪ. ಮನೆಯಲ್ಲಿ ಒಬ್ಬರಿಗೆ ಕಿಮೋ ನಡೆಯುತ್ತಿದೆ, ಹಾಗಾಗಿ ಅವರ ಕಾಳಜಿಯಲ್ಲಿ ಸುಳ್ಳಿಲ್ಲ. ತಮ್ಮನ ಮಗಳು ಹುಡುಕಿ, ಈ ಮಾತಿಗೆ ಪುರಾವೆ ಇಲ್ಲ ಎಂದು ವಿವರಿಸುವ ಲೇಖನವೊಂದರ ಲಿಂಕ್ ಹಾಕುತ್ತಾಳೆ. ಹತ್ತು ನಿಮಿಷ ಬಿಟ್ಟು ದೊಡ್ಡಪ್ಪನ ಉತ್ತರ: "ಓಪನ್ ಆಗ್ತಾ ಇಲ್ಲ ಕಣಮ್ಮ, ಬರೀ ಬಿಳಿ ಬರ್ತಿದೆ. ಏನಿದೆ ಅಂತ ನೀನೇ ಹೇಳಿಬಿಡು." ಅಷ್ಟರಲ್ಲಿ ಆ ಫಾರ್ವರ್ಡ್ ಇನ್ನೆರಡು ಗುಂಪು ದಾಟಿರುತ್ತದೆ.

ಇಂಥದ್ದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. "ಲಿಂಕ್ ಬೇಡ, ಸ್ಕ್ರೀನ್‌ಶಾಟ್ ಕಳಿಸಿ" ಎಂಬ ಮಾತನ್ನು ನಾವು ಮೊದಮೊದಲು ಓದುವ ಸೋಮಾರಿತನ ಎಂದುಕೊಂಡಿದ್ದೆವು. ಆಮೇಲೆ ನಮ್ಮದೇ ಪುಟಗಳನ್ನು ಹಳೆಯ ಫೋನೊಂದರಲ್ಲಿ, ಸಿಗ್ನಲ್ ಎರಡು ಕಡ್ಡಿ ಇರುವ ಜಾಗದಲ್ಲಿ ಕೂತು ತೆರೆದು ನೋಡಿದೆವು. ದೊಡ್ಡಪ್ಪನ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ವೆಬ್‌ಸೈಟ್ ಬೇಗ ಸ್ಪಂದಿಸಬೇಕು ಎಂಬುದು ಸಾಫ್ಟ್‌ವೇರ್ ಕಂಪನಿಯವರ, ಆನ್‌ಲೈನ್ ಅಂಗಡಿಯವರ ತಲೆನೋವು ಎಂದು ನಾವೆಲ್ಲ ಬಿಟ್ಟುಬಿಟ್ಟಿದ್ದೇವೆ. ಆದರೆ ಯಾವ ಮಾತು ಓದುಗರ ಕಣ್ಣಿಗೆ ಮೊದಲು ಬೀಳುತ್ತದೆ, ಯಾವುದು ಬೀಳುವುದೇ ಇಲ್ಲ ಎಂಬುದರಲ್ಲಿ ಇದರ ಪಾತ್ರ ದೊಡ್ಡದು.

ಲಿಂಕ್ ಒತ್ತಿದ ಮೇಲೆ ನಡೆಯುವುದೇನು?

ವಾಟ್ಸಾಪ್‌ನಲ್ಲಿ ಬರುವ ಬರಹ ನೀವು ಆಪ್ ತೆರೆಯುವ ಮೊದಲೇ ಫೋನಿಗೆ ಬಂದು ಕೂತಿರುತ್ತದೆ. ಫೋಟೊ ಇದ್ದರೂ ಅಷ್ಟೆ: ಕಳಿಸುವಾಗಲೇ ವಾಟ್ಸಾಪ್ ಅದನ್ನು ಕುಗ್ಗಿಸಿ ಹಗುರ ಮಾಡಿರುತ್ತದೆ. ಅಂದರೆ ಫಾರ್ವರ್ಡ್ ಎಂಬುದು ಬಿಸಿಬಿಸಿಯಾಗಿ ಮನೆಬಾಗಿಲಿಗೆ ಬಂದ ಊಟ. ಲಿಂಕ್ ಎಂಬುದು ಬರೀ ಹೋಟೆಲಿನ ವಿಳಾಸ. ಅಲ್ಲಿಗೆ ಹೋಗಿ, ಟೇಬಲ್ ಹಿಡಿದು, ಹೇಳಿ ತರಿಸಿಕೊಳ್ಳಬೇಕು.

ವಿಳಾಸ ಒತ್ತಿದಾಗ ಫೋನು ಮೊದಲು ಆ ಹೆಸರಿನ ಸರ್ವರ್ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳುತ್ತದೆ. ಆಮೇಲೆ ಸರ್ವರ್ ಜೊತೆ ಸಂಪರ್ಕ ಕಟ್ಟುತ್ತದೆ. ನಡುವೆ ಬೇರೆಯವರು ಓದದಂತೆ ಬೀಗ ಹಾಕುವ ಮಾತುಕತೆ ನಡೆಯುತ್ತದೆ. ಅದಾದ ಮೇಲೆಯೇ "ಪುಟ ಕೊಡು" ಎಂಬ ಕೋರಿಕೆ. ಒಂದೊಂದಕ್ಕೂ ಒಂದೊಂದು ಸಲ ಹೋಗಿ ಬರಬೇಕು.

ಸರ್ವರ್ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದೆ ಎಂದುಕೊಳ್ಳಿ. ಬೆಂಗಳೂರಿನಿಂದ ಅಲ್ಲಿಗೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಎಳೆದರೂ ಸುಮಾರು 14,000 ಕಿಲೋಮೀಟರ್. ಆಪ್ಟಿಕಲ್ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಸಲ ಹೋಗಿ ಬರಲು 140 ಮಿಲಿಸೆಕೆಂಡ್. ಸಂಪರ್ಕ, ಬೀಗ, ಕೋರಿಕೆ ಎಂದು ಕನಿಷ್ಠ ಮೂರು ಸಲ ಓಡಾಡಿದರೆ 0.4 ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ, ಪುಟದ ಒಂದಕ್ಷರವೂ ಇನ್ನೂ ಬಂದಿರುವುದಿಲ್ಲ. ಕೇಬಲ್‌ಗಳು ನೇರವಾಗಿ ಹೋಗುವುದಿಲ್ಲ, ನಡುವಿನ ಉಪಕರಣಗಳೂ ಸಮಯ ತಿನ್ನುತ್ತವೆ, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ದೊಡ್ಡದು. ಇಲ್ಲಿ ನಿಮ್ಮ ಡೇಟಾ ಪ್ಯಾಕ್ ಎಷ್ಟು ಜಿಬಿ, ಫೋನು 5ಜಿಯೋ 4ಜಿಯೋ ಎಂಬುದರಿಂದ ದೂರವೇನೂ ಕಡಿಮೆಯಾಗದು. ಪುಟದ ನಕಲನ್ನು ಮುಂಬೈಯಲ್ಲೋ ಚೆನ್ನೈಯಲ್ಲೋ ಇಟ್ಟರೆ ಮಾತ್ರ ಕಡಿಮೆಯಾಗುತ್ತದೆ. ಸಿಡಿಎನ್ ಎಂಬ ಸೇವೆಗಳು ಮಾಡುವುದು ಇದನ್ನೇ, ಮತ್ತು ಸಣ್ಣ ಸೈಟ್‌ಗಳಿಗೆ ಉಚಿತವಾಗಿ ಸಿಗುವಂಥವೂ ಇವೆ.

ಇಷ್ಟಾದ ಮೇಲೆ ಪುಟ ಬರಲು ಶುರುವಾಯಿತು ಎನ್ನೋಣ. ಬರುವುದು ಲೇಖನ ಒಂದೇ ಅಲ್ಲ. ಅಲಂಕಾರದ ಕಡತ, ಫಾಂಟು, ಚಿತ್ರಗಳು, ಜಾಹೀರಾತು, ಯಾರು ಬಂದರು ಎಷ್ಟು ಹೊತ್ತು ಇದ್ದರು ಎಂದು ಲೆಕ್ಕ ಇಡುವ ಸಣ್ಣ ಪ್ರೋಗ್ರಾಮುಗಳು, "ನೋಟಿಫಿಕೇಶನ್ ಬೇಕೇ" ಎಂದು ಕೇಳುವ ಪೆಟ್ಟಿಗೆ, ಎಲ್ಲವೂ ಸಾಲಾಗಿ ಬರುತ್ತವೆ. ಒಂದು ತಮಾಷೆಯ ಲೆಕ್ಕ ನೋಡಿ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಹಾಗಿದ್ದೂ ನೀವೀಗ ಓದುತ್ತಿರುವಷ್ಟು ಉದ್ದದ ಬರಹ ಸುಮಾರು 60 ಕೆಬಿ ಆಗಬಹುದು, ಕಳಿಸುವಾಗ ಒತ್ತಿ ಕುಗ್ಗಿಸಿದರೆ ಇನ್ನೂ ಕಡಿಮೆ. ಅದೇ ಪುಟದ ನೆತ್ತಿಯ ಮೇಲೆ ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಹಾಗೆಹಾಗೇ ಹಾಕಿದರೆ ಅದೊಂದೇ 3-4 ಎಂಬಿ. ಓದಬೇಕಾದ್ದು ಹಿಡಿಯಷ್ಟು, ಹೊರಬೇಕಾದ್ದು ಮೂಟೆಯಷ್ಟು.

ಜನ ಗಮನಿಸದ ಇನ್ನೊಂದು ಸಂಗತಿಯಿದೆ. ಪುಟದೊಂದಿಗೆ ಬರುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮನ್ನು ನಿಮ್ಮ ಫೋನಿನ ಪ್ರೊಸೆಸರ್ ಓದಿ, ಅರ್ಥಮಾಡಿಕೊಂಡು, ಓಡಿಸಬೇಕು. ದುಬಾರಿ ಫೋನು ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸುತ್ತದೆ. ಕಡಿಮೆ ಬೆಲೆಯ, ಮೂರ್ನಾಲ್ಕು ವರ್ಷ ಹಳೆಯ ಫೋನು ಅದೇ ಕೆಲಸಕ್ಕೆ ಹಲವು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ನೆಟ್ ಚೆನ್ನಾಗಿದೆ, ವಿಡಿಯೊ ಸಲೀಸಾಗಿ ಓಡುತ್ತಿದೆ, ಆದರೂ ಪುಟ ಅಲ್ಲಾಡುತ್ತಿಲ್ಲ ಎಂದರೆ ಬಹಳ ಸಲ ಕಾರಣ ಇದೇ. "ನಮ್ಮ ನೆಟ್ ಸ್ಲೋ" ಎಂದು ನಾವು ನಮ್ಮನ್ನೇ ಬೈದುಕೊಳ್ಳುವುದರಲ್ಲಿ ಅರ್ಧ ಬೈಗುಳ ಸೈಟ್ ಮಾಡಿದವರಿಗೆ ಸೇರಬೇಕು.

ಈ ಜಾಗದಲ್ಲಿ ಫಾರ್ವರ್ಡ್‌ಗಳು ಹೇಳುವ ಎರಡು ಮದ್ದುಗಳ ಬಗ್ಗೆಯೂ ಹೇಳಿಬಿಡುತ್ತೇವೆ. ಒಂದು, ದಿನಾ ಬ್ರೌಸರ್‌ನ ಕ್ಯಾಶ್ ಅಳಿಸಿ ಎಂಬುದು. ಕ್ಯಾಶ್ ಇರುವುದೇ ಮೊದಲ ಸಲ ಇಳಿಸಿಕೊಂಡದ್ದನ್ನು ಮತ್ತೆ ಇಳಿಸದಿರಲಿ ಎಂದು. ಅಳಿಸಿದರೆ ಮುಂದಿನ ಸಲ ಅದೇ ಸೈಟ್ ಇನ್ನೂ ನಿಧಾನ. ಫೋನಿನಲ್ಲಿ ಜಾಗವೇ ಇಲ್ಲದಾಗ, ಇಲ್ಲವೇ ಸೈಟಿನ ಹಳೆಯ ರೂಪವೇ ಅಂಟಿಕೊಂಡು ಕಾಣುತ್ತಿರುವಾಗ ಅಳಿಸುವುದು ಸರಿ. ಇನ್ನೊಂದು, ಫೋನ್ ಬೂಸ್ಟರ್ ಆಪ್. ದೂರದ ಸರ್ವರನ್ನು ಹತ್ತಿರ ತರುವುದಾಗಲಿ, ಪುಟದ ಮೂಟೆ ಇಳಿಸುವುದಾಗಲಿ ಅದರ ಕೈಯಲ್ಲಿಲ್ಲ. ಜಾಹೀರಾತು ತೋರಿಸುವ ಬೂಸ್ಟರ್ ಆಪ್ ಆದರೆ ಇರುವ ಭಾರಕ್ಕೆ ಇನ್ನೊಂದಿಷ್ಟು ಸೇರಿಸುತ್ತದೆ, ಅಷ್ಟೆ.

ಸ್ಪಂದಿಸುವುದು ಅಂದರೆ ಎರಡು ಅರ್ಥ

ವೆಬ್‌ಸೈಟ್ ಮಾಡುವವರು ರೆಸ್ಪಾನ್ಸಿವ್ ಎಂಬ ಪದವನ್ನು ಮೊದಲು ಬಳಸಿದ್ದು ಅಳತೆಯ ವಿಷಯದಲ್ಲಿ. 2007ರಲ್ಲಿ ಐಫೋನ್ ಬಂದಾಗ ಇದ್ದ ಸೈಟ್‌ಗಳೆಲ್ಲ ಕಂಪ್ಯೂಟರ್ ಪರದೆಗೆಂದು ಮಾಡಿದಂಥವು. ಹಾಗಾಗಿ ಆ ಫೋನಿನ ಬ್ರೌಸರ್, ಪುಟ 980 ಪಿಕ್ಸೆಲ್ ಅಗಲ ಇದೆ ಎಂದುಕೊಂಡು ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಎರಡು ಬೆರಳಿಟ್ಟು ಹಿಗ್ಗಿಸಿ, ಎಡಕ್ಕೂ ಬಲಕ್ಕೂ ತಳ್ಳಿ ಓದುವ ಆ ಕಷ್ಟ ಇವತ್ತಿಗೂ ಕೆಲವು ಸರ್ಕಾರಿ ಪುಟಗಳಲ್ಲಿ ನಮಗೆ ಗೊತ್ತು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂಬ ಲೇಖನ ಬರೆದರು. ಫೋನಿಗೊಂದು, ಕಂಪ್ಯೂಟರಿಗೊಂದು ಎಂದು ಬೇರೆ ಬೇರೆ ಸೈಟ್ ಮಾಡಬೇಡಿ, ಒಂದೇ ಪುಟ ಪರದೆಯ ಅಗಲ ನೋಡಿ ತನ್ನನ್ನು ಹೊಂದಿಸಿಕೊಳ್ಳಲಿ ಎಂಬುದು ಅದರ ಸಾರ. ನೀರು ಚೊಂಬಿನಲ್ಲಿ ಚೊಂಬಿನಂತೆ, ತಟ್ಟೆಯಲ್ಲಿ ತಟ್ಟೆಯಂತೆ ನಿಲ್ಲುವ ಹಾಗೆ. ಈಗ ಬಹುತೇಕ ಸೈಟ್‌ಗಳು ಆ ದಾರಿಯಲ್ಲಿವೆ.

ಎರಡನೆಯ ಅರ್ಥ, ಬೆರಳಿಟ್ಟರೆ ಉತ್ತರ ಕೊಡುವುದು. ಇದರ ಮಿತಿಗಳು ನಮ್ಮ ಮಿದುಳಿಗೆ ಸೇರಿದವು. ಬಳಕೆದಾರರ ಅನುಭವದ ಬಗ್ಗೆ ಬಹಳ ಕೆಲಸ ಮಾಡಿದ ಜೇಕಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಮೂರು ಗಡಿ ಹೇಳಿದ್ದರು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ "ಒತ್ತಿದೆ, ಆಯಿತು" ಅನ್ನಿಸುತ್ತದೆ. 1 ಸೆಕೆಂಡ್ ಆದರೆ ತಡವಾದದ್ದು ಗೊತ್ತಾಗುತ್ತದೆ, ಆದರೆ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕೆಲಸಕ್ಕೆ ಹೊರಡುತ್ತದೆ. ಈ ಲೆಕ್ಕ 1968ರಷ್ಟು ಹಿಂದಿನ ಅಧ್ಯಯನದಿಂದ ಬಂದದ್ದು ಎಂದು ಅವರೇ ಹೇಳುತ್ತಾರೆ. ಕಂಪ್ಯೂಟರುಗಳು ಎಷ್ಟೋ ಬದಲಾದವು, ಕಾಯುವ ತಾಳ್ಮೆ ಹೆಚ್ಚಲಿಲ್ಲ.

ಹತ್ತು ಸೆಕೆಂಡ್ ಆದ ಮೇಲೆ ಹೊರಟ ಮನಸ್ಸು ಹೋಗುವುದೆಲ್ಲಿಗೆ? ಹಿಂದಿನ ಬಾಣದ ಗುರುತು ಒತ್ತಿದರೆ ಸಿಗುವುದು ಅದೇ ವಾಟ್ಸಾಪ್ ಗುಂಪು. ಪರೀಕ್ಷೆಯ ಫಲಿತಾಂಶದ ದಿನ ನೆನಪಿಸಿಕೊಳ್ಳಿ. ಲಕ್ಷಾಂತರ ಮಕ್ಕಳು, ಅವರಪ್ಪ ಅಮ್ಮಂದಿರು ಒಂದೇ ಗಳಿಗೆಯಲ್ಲಿ ಅಧಿಕೃತ ಪುಟಕ್ಕೆ ಮುಗಿಬೀಳುತ್ತಾರೆ. ಒಂದೊಂದು ನೋಂದಣಿ ಸಂಖ್ಯೆಗೂ ಸರ್ವರ್ ಹುಡುಕಿ ಉತ್ತರ ಕೊಡಬೇಕು, ಸಾಲು ಬೆಳೆಯುತ್ತದೆ, ಪುಟ ನಿಲ್ಲುತ್ತದೆ. ಅದೇ ಹೊತ್ತಿಗೆ ಗುಂಪಿನಲ್ಲಿ "ಇಲ್ಲಿ ಬೇಗ ಸಿಗುತ್ತೆ" ಎಂಬ ಯಾವುದೋ ಲಿಂಕ್ ಬಂದರೆ, ಕಾದು ಕಂಗಾಲಾದವರು ಅದನ್ನು ಒತ್ತಿ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಎಲ್ಲ ತುಂಬುತ್ತಾರೆ. ಸರಿಯಾದ ಜಾಗದಲ್ಲಿ ಬಾಗಿಲು ತೆರೆಯದಿದ್ದಾಗ ಮೋಸದ ಅಂಗಡಿಗೆ ವ್ಯಾಪಾರ. ಇಲ್ಲಿ ದಡ್ಡರು ಯಾರೂ ಇಲ್ಲ, ಆತಂಕದಲ್ಲಿರುವವರು ಇದ್ದಾರೆ.

ಗೂಗಲ್ ಏನನ್ನು ಅಳೆಯುತ್ತದೆ?

ಈ ಕಾಯುವಿಕೆಯನ್ನು ಗೂಗಲ್ ಮೂರು ಅಳತೆಗಳಲ್ಲಿ ಹಿಡಿಯಲು ನೋಡುತ್ತದೆ. ಒಟ್ಟಾಗಿ ಇವನ್ನು ಕೋರ್ ವೆಬ್ ವೈಟಲ್ಸ್ ಎನ್ನುತ್ತಾರೆ. ನಾಡಿ, ಜ್ವರ, ಬಿಪಿ ನೋಡಿದ ಹಾಗೆ ಎಂದುಕೊಳ್ಳಿ.

ಮೊದಲನೆಯದು ಎಲ್‌ಸಿಪಿ. ಪರದೆಯ ಮೇಲೆ ಕಾಣುವ ಅತಿ ದೊಡ್ಡ ಭಾಗ, ಅಂದರೆ ಮುಖ್ಯ ಚಿತ್ರವೋ ತಲೆಬರಹವೋ, ಕಾಣಿಸಿಕೊಳ್ಳಲು ಹಿಡಿದ ಸಮಯ. 2.5 ಸೆಕೆಂಡಿನೊಳಗಿದ್ದರೆ ಚೆನ್ನ, 4 ದಾಟಿದರೆ ಕಳಪೆ. ಎರಡನೆಯದು ಐಎನ್‌ಪಿ: ಬೆರಳಿಟ್ಟ ಮೇಲೆ ಪರದೆಯಲ್ಲಿ ಏನಾದರೂ ಬದಲಾವಣೆ ಕಾಣಲು ಎಷ್ಟು ಹೊತ್ತು. 200 ಮಿಲಿಸೆಕೆಂಡಿನೊಳಗೆ ಚೆನ್ನ, 500 ಮೀರಿದರೆ ಕಳಪೆ. ಇದು 2024ರ ಮಾರ್ಚ್‌ನಲ್ಲಿ ಬಂದ ಅಳತೆ. ಅದಕ್ಕೆ ಮುಂಚೆ ಎಫ್‌ಐಡಿ ಎಂಬುದಿತ್ತು, ಅದು ಮೊದಲ ಸಲ ಒತ್ತಿದ್ದನ್ನು ಮಾತ್ರ ನೋಡುತ್ತಿತ್ತು.

ಮೂರನೆಯದು ನಮಗೆಲ್ಲ ಸಿಟ್ಟು ಬರಿಸುವಂಥದ್ದು, ಸಿಎಲ್‌ಎಸ್. ಲೇಖನದ ಮುಂದಿನ ಭಾಗ ಓದಲು ಬೆರಳು ಇಳಿಸುತ್ತೀರಿ, ಅದೇ ಕ್ಷಣ ಮೇಲಿಂದ ಜಾಹೀರಾತೊಂದು ತಡವಾಗಿ ಬಂದು ಎಲ್ಲವನ್ನೂ ಕೆಳಕ್ಕೆ ನೂಕುತ್ತದೆ, ಬೆರಳು ಜಾಹೀರಾತಿನ ಮೇಲೆ. ಪುಟ ಹೀಗೆ ಎಷ್ಟು ಕುಣಿಯುತ್ತದೆ ಎಂಬುದರ ಅಳತೆ ಇದು. ಪರದೆಯ ಎಷ್ಟು ಭಾಗಕ್ಕೆ ಏಟು ಬಿತ್ತು, ಎಷ್ಟು ದೂರ ಸರಿಯಿತು ಎಂಬೆರಡನ್ನು ಗುಣಿಸಿ ಬರುವ ಸಂಖ್ಯೆ. 0.1ಕ್ಕಿಂತ ಹೆಚ್ಚಾಗಬಾರದು. ಜಾಹೀರಾತಿಗೂ ಚಿತ್ರಕ್ಕೂ ಮೊದಲೇ ಜಾಗ ಕಾದಿರಿಸಿಟ್ಟರೆ ಈ ಕುಣಿತ ನಿಲ್ಲುತ್ತದೆ. ಜಾತ್ರೆ ಬಸ್ಸಿನಲ್ಲಿ ಟವೆಲ್ ಹಾಸಿ ಸೀಟು ಹಿಡಿದ ಹಾಗೆ, ಬರುವವರು ತಡವಾಗಿ ಬಂದರೂ ಕೂತವರು ಏಳಬೇಕಾಗಿಲ್ಲ.

ಇಲ್ಲಿ ನಮಗೆ ಮುಖ್ಯ ಅನ್ನಿಸಿದ ವಿಷಯ ಬೇರೆ. ಈ ಅಂಕಿಗಳು ಸೈಟ್ ಮಾಡಿದವರ ಕಚೇರಿಯಲ್ಲಿ ಹುಟ್ಟುವುದಿಲ್ಲ. ಕ್ರೋಮ್ ಬಳಸುವವರಲ್ಲಿ ಮಾಹಿತಿ ಹಂಚಿಕೊಳ್ಳಲು ಒಪ್ಪಿದವರ ಫೋನುಗಳಿಂದ, 28 ದಿನಗಳ ಲೆಕ್ಕ ಕೂಡಿಸಿ ಬರುತ್ತವೆ. ನಾಲ್ಕು ಭೇಟಿಗಳಲ್ಲಿ ಮೂರಾದರೂ ಮಿತಿಯೊಳಗಿದ್ದರೆ ಮಾತ್ರ ಪಾಸು. ಅಂದರೆ ಬೆಂಗಳೂರಿನ ಆಫೀಸಿನಲ್ಲಿ, ವೇಗದ ಲ್ಯಾಪ್‌ಟಾಪಿನಲ್ಲಿ, ಫೈಬರ್ ಸಂಪರ್ಕದಲ್ಲಿ "ನನಗೆ ಬೇಗ ತೆರೀತಲ್ಲಾ" ಎನ್ನುವವರ ಮಾತಿಗೆ ಇಲ್ಲಿ ಬೆಲೆಯಿಲ್ಲ. ಓದುಗರಲ್ಲಿ ಹೆಚ್ಚಿನವರು ಕಡಿಮೆ ಬೆಲೆಯ ಫೋನಿನವರಾದರೆ ಅಳತೆಗೋಲೂ ಅವರದೇ. ಒಂದೇ ತೊಡಕು, ಓದುಗರು ತೀರಾ ಕಡಿಮೆ ಇರುವ ಸೈಟ್‌ಗಳಿಗೆ ಈ ಮಾಹಿತಿ ಸಿಗುವಷ್ಟು ಭೇಟಿಗಳೇ ಇರುವುದಿಲ್ಲ.

ಕನ್ನಡದ ಪುಟಗಳ ಕಷ್ಟಗಳೇ ಬೇರೆ

ವೇಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಸಲಹೆಗಳು ರಾಶಿ ಇವೆ. ಅವುಗಳಲ್ಲಿ ಬಹಳಷ್ಟು ನಮಗೂ ಅನ್ವಯಿಸುತ್ತವೆ. ಕೆಲವು ವಿಷಯ ಮಾತ್ರ ಕನ್ನಡದ ಪುಟ ಮಾಡಿದವರಿಗೇ ಗೊತ್ತಾಗಬೇಕು.

ಫಾಂಟ್‌ನಿಂದ ಶುರುಮಾಡೋಣ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೋರಿಸಲು ಬೇಕಾದ ಫಾಂಟ್ ಮೊದಲೇ ಇರುತ್ತದೆ. ಆದರೆ ಸೈಟ್ ಚೆಂದ ಕಾಣಲಿ ಎಂದು ಹಲವರು ತಮ್ಮದೇ ಫಾಂಟ್ ಕಳಿಸುತ್ತಾರೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಆಕಾರ ಬೇಕಾದ್ದರಿಂದ ನಮ್ಮ ಫಾಂಟ್ ಕಡತ ಬರೀ ಇಂಗ್ಲಿಷ್ ಅಕ್ಷರಗಳ ಕಡತಕ್ಕಿಂತ ಸಾಮಾನ್ಯವಾಗಿ ದಪ್ಪ. ಫಾಂಟ್ ಬಂದು ತಲುಪುವವರೆಗೆ ಕ್ರೋಮ್ 3 ಸೆಕೆಂಡಿನವರೆಗೆ ಅಕ್ಷರಗಳನ್ನು ತೋರಿಸದೆ ಬಚ್ಚಿಡುತ್ತದೆ. ಚಿತ್ರ ಬಂದಿದೆ, ಗೆರೆ ಬಂದಿದೆ, ಬರಹದ ಜಾಗ ಮಾತ್ರ ಖಾಲಿ. ದೊಡ್ಡಪ್ಪ ಹೇಳಿದ "ಬರೀ ಬಿಳಿ" ಹಲವು ಸಲ ಇದೇ. ಬರಹ ಬಂದಾಗಿದೆ, ತೊಡಲು ಬಟ್ಟೆ ಬಂದಿಲ್ಲ ಎಂದು ಒಳಗೇ ನಿಂತಿದೆ. ಫೋನಿನಲ್ಲಿರುವ ಫಾಂಟಿನಲ್ಲೇ ಮೊದಲು ತೋರಿಸು, ಹೊಸದು ಬಂದಮೇಲೆ ಬದಲಿಸು ಎಂದು ಒಂದು ಸಾಲು ಬರೆದರೆ ಇದು ಸರಿಹೋಗುತ್ತದೆ. ಹಾಗೆ ಬದಲಿಸುವಾಗ ಎರಡು ಫಾಂಟುಗಳ ಅಳತೆ ತುಂಬ ಬೇರೆಯಿದ್ದರೆ ಮತ್ತೆ ಪುಟ ಕುಣಿಯುತ್ತದೆ, ಅದು ನಿಜ. ನಮ್ಮ ಅಭಿಪ್ರಾಯ ಕೇಳಿದರೆ, ಸುದ್ದಿ ಮತ್ತು ಆರೋಗ್ಯ ಮಾಹಿತಿಯ ಪುಟಗಳು ಫೋನಿನ ಫಾಂಟಿನಲ್ಲೇ ಇದ್ದರೆ ಯಾರಿಗೂ ನಷ್ಟವಿಲ್ಲ.

ಇನ್ನು ಒತ್ತಕ್ಷರಗಳ ಪಾಡು. "ರಾಷ್ಟ್ರ", "ಸ್ವಾತಂತ್ರ್ಯ" ಇಂಥ ಪದಗಳ ಕೆಳಗೆ ಅಕ್ಷರಗಳು ಇಳಿಬಿದ್ದಿರುತ್ತವೆ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸದಲ್ಲಿ ಬಟನ್ನಿನ, ತಲೆಬರಹದ ಎತ್ತರವನ್ನು ಬಿಗಿಯಾಗಿ ಕಟ್ಟಿರುತ್ತಾರೆ. ಅದರೊಳಗೆ ಕನ್ನಡ ಹಾಕಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಗೆ ತಗಲುತ್ತದೆ. ಅಗಲದಲ್ಲೂ ಇದೇ ಕಥೆ. "ಮಹಾನಗರಪಾಲಿಕೆ", "ಜಿಲ್ಲಾಧಿಕಾರಿಗಳ" ಎಂಬಂಥ ಉದ್ದ ಪದಗಳು ಸಣ್ಣ ಪರದೆಯಲ್ಲಿ ಮುರಿಯಲಾಗದೆ ಪುಟವನ್ನೇ ಬಲಕ್ಕೆ ಹಿಗ್ಗಿಸುತ್ತವೆ, ಆಮೇಲೆ ಇಡೀ ಲೇಖನವನ್ನು ಎಡಬಲ ತಳ್ಳಿ ಓದಬೇಕು.

ಹುಡುಕಾಟಕ್ಕೆ ಸಂಬಂಧಿಸಿದಂತೆ ಇವೆರಡಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡವನ್ನು ಬೇರೆ ಬೇರೆ ಫಾಂಟುಗಳ ಮುಖವಾಡ ಹಾಕಿ ಬರೆಯುತ್ತಿದ್ದೆವು. ಕಣ್ಣಿಗೆ ಕನ್ನಡ, ಒಳಗೆ ಶೇಖರವಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದುವುದು ಒಳಗಿರುವುದನ್ನು. ಹಾಗೆ ಬರೆದ ಪುಟ ಎಷ್ಟೇ ವೇಗವಾಗಿರಲಿ, ನೀವು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗದು. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಹಾಕುವುದು, ಎಚ್ಚರಿಕೆಯ ಮಾತನ್ನು ಚಿತ್ರದೊಳಗೆ ಬರೆದು ಹಾಕುವುದು ಇದೇ ತಪ್ಪಿನ ಈಗಿನ ರೂಪ. ಚಿತ್ರ ಹಂಚಲು ಸುಲಭ, ಆದರೆ ನಾಳೆ ಹುಡುಕುವವರ ಕೈಗೆ ಅದು ಸಿಗುವುದು ಕಷ್ಟ. ಚಿತ್ರ ಹಾಕಿ, ಬೇಡವೆನ್ನುವುದಿಲ್ಲ, ಜೊತೆಗೆ ಅದೇ ಮಾತನ್ನು ಅಕ್ಷರದಲ್ಲೂ ಬರೆಯಿರಿ.

ಹಾಗಾದರೆ ವೇಗದ ಸೈಟ್ ಗೂಗಲ್‌ನಲ್ಲಿ ಮೊದಲು ಬರುತ್ತದೆಯೇ?

ಸಣ್ಣ ಅಂಗಡಿ, ಹೋಂಸ್ಟೇ, ಶಾಲೆ ನಡೆಸುವವರಿಗೆ ಆಗಾಗ ಕರೆ ಬರುತ್ತದೆ: "ನಿಮ್ಮ ಸೈಟಿನ ಸ್ಕೋರ್ 40 ಇದೆ ಸಾರ್, ನಾವು 100 ಮಾಡಿಕೊಡ್ತೀವಿ, ಗೂಗಲ್‌ನಲ್ಲಿ ಫಸ್ಟ್ ಬರುತ್ತೆ." ಈ ಮಾತಿನಲ್ಲಿ ನಿಜವೂ ಇದೆ, ಬಹಳಷ್ಟು ಗಾಳಿಯೂ ಇದೆ.

ನಿಜ ಎಷ್ಟು ಎಂದು ನೋಡೋಣ. ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಗೂಗಲ್ ಮೊದಲು ಹೇಳಿದ್ದು 2010ರ ಏಪ್ರಿಲ್‌ನಲ್ಲಿ. ಆಗಲೇ, ಇದರಿಂದ ಫಲಿತಾಂಶ ಬದಲಾಗುವುದು ಶೇ. 1ಕ್ಕಿಂತ ಕಡಿಮೆ ಹುಡುಕಾಟಗಳಲ್ಲಿ ಎಂದೂ ಹೇಳಿತ್ತು. 2015ರ ಏಪ್ರಿಲ್ 21ರಿಂದ, ಫೋನಿನಲ್ಲಿ ಹುಡುಕಿದಾಗ ಫೋನಿಗೆ ಹೊಂದುವ ಪುಟಗಳಿಗೆ ಆದ್ಯತೆ ಬಂತು. 2018ರ ಜುಲೈಯಲ್ಲಿ ಮೊಬೈಲ್ ಹುಡುಕಾಟದಲ್ಲೂ ವೇಗ ಸೇರಿತು, ಆದರೆ ತೀರಾ ನಿಧಾನವಾದ ಪುಟಗಳಿಗೆ ಮಾತ್ರ ಪೆಟ್ಟು ಎಂಬ ಮಾತಿನೊಂದಿಗೆ. 2021ರಲ್ಲಿ ಮೇಲೆ ಹೇಳಿದ ವೈಟಲ್ಸ್ ಅಳತೆಗಳು ಬಂದವು. 2023ರ ಅಕ್ಟೋಬರ್ ಹೊತ್ತಿಗೆ, ಸೈಟಿನ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದಿ ದಾಖಲಿಸುವ ಬದಲಾವಣೆ ಪೂರ್ಣವಾಯಿತೆಂದು ಗೂಗಲ್ ತಿಳಿಸಿತು. ಕಂಪ್ಯೂಟರಿನಲ್ಲಿ ಕಾಣುವ, ಫೋನಿನಲ್ಲಿ ಬಿಟ್ಟುಹೋದ ಮಾಹಿತಿ ಇದ್ದರೆ ಗೂಗಲ್ ಪಾಲಿಗೆ ಅದು ಇಲ್ಲದಂತೆಯೇ.

ಇಷ್ಟೆಲ್ಲದರ ನಡುವೆಯೂ, ಕೇಳಿದ ಪ್ರಶ್ನೆಗೆ ಹೊಂದುವ ಒಳ್ಳೆಯ ಉತ್ತರವಿದ್ದರೆ ಪುಟ ಸ್ವಲ್ಪ ನಿಧಾನವಾಗಿದ್ದರೂ ಮೇಲೆ ಬರಬಹುದು ಎಂಬುದು ಗೂಗಲ್ ಮೊದಲಿನಿಂದ ಹೇಳುತ್ತ ಬಂದ ಮಾತು. ಒಂದೇ ಗುಣಮಟ್ಟದ ಎರಡು ಪುಟಗಳಿದ್ದಾಗ ವೇಗ ತಕ್ಕಡಿಯನ್ನು ಕೊಂಚ ವಾಲಿಸುತ್ತದೆ. ಕರೆ ಮಾಡಿದವರು ಹೇಳುವ 100ರ ಸ್ಕೋರ್ ಬೇರೆಯೇ ಒಂದು ಅಂಕ. ಅದು ಒಂದು ಕಾಲ್ಪನಿಕ ಫೋನಿನ ಮೇಲೆ ಪ್ರಯೋಗ ಮಾಡಿ ಬರುವಂಥದ್ದು, ಎಲ್ಲಿ ತೊಂದರೆ ಇದೆ ಎಂದು ಹುಡುಕಲು ಉಪಯುಕ್ತ, ಅಷ್ಟೆ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು, ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ ಎಂದು ಸ್ವತಃ ಗೂಗಲ್ ತನ್ನ ಸಲಹಾ ಪುಟದಲ್ಲಿ ಬರೆದಿದೆ.

ಈ ವೃತ್ತಿಯವರಲ್ಲಿ ಓಡಾಡುವ ಫಾರ್ವರ್ಡೊಂದನ್ನೂ ಹೇಳಬೇಕು. "3 ಸೆಕೆಂಡಿನಲ್ಲಿ ತೆರೆಯದಿದ್ದರೆ ಶೇ. 53 ಜನ ಹೊರಟುಹೋಗುತ್ತಾರೆ" ಎಂಬ ಅಂಕಿ ಎಲ್ಲ ಪ್ರೆಸೆಂಟೇಶನ್‌ನಲ್ಲೂ ಇರುತ್ತದೆ. ಅದು ಗೂಗಲ್‌ನ ಜಾಹೀರಾತು ವಿಭಾಗ 2016ರಲ್ಲಿ ಪ್ರಕಟಿಸಿದ, ಮೊಬೈಲ್ ಪುಟಗಳ ಭೇಟಿಗೆ ಸಂಬಂಧಿಸಿದ ಲೆಕ್ಕ. ಸುಳ್ಳಲ್ಲ. ಆದರೆ ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಸಲ್ಲುವ ಪ್ರಕೃತಿ ನಿಯಮವೂ ಅಲ್ಲ. ಪಾಸ್‌ಪೋರ್ಟ್ ಅರ್ಜಿಗೆ ಜನ ಅರ್ಧ ಗಂಟೆ ಕಾಯುತ್ತಾರೆ, ಅಡುಗೆ ವಿಧಾನಕ್ಕೆ ಕಾಯುವುದಿಲ್ಲ.

ಓದುಗರಾಗಿ ನೀವು ಇದರಿಂದ ತಿಳಿಯಬೇಕಾದ್ದು ಇನ್ನೊಂದಿದೆ: ಹುಡುಕಿದಾಗ ಮೊದಲು ಬಂದದ್ದು ನಿಜ ಎಂಬ ಸರ್ಟಿಫಿಕೇಟ್ ಪಡೆದು ಬಂದಿಲ್ಲ. ಅದರಲ್ಲೂ ಕನ್ನಡದಲ್ಲಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 65 ಲಕ್ಷಕ್ಕಿಂತ ಹೆಚ್ಚು ಲೇಖನಗಳಿವೆ, ಕನ್ನಡದಲ್ಲಿ 30 ಸಾವಿರದ ಆಸುಪಾಸು. ಒಂದು ಕಾಯಿಲೆಯ ಬಗ್ಗೆ ಇಂಗ್ಲಿಷಿನಲ್ಲಿ ನೂರು ಒಳ್ಳೆಯ ಪುಟಗಳು ಪೈಪೋಟಿಗೆ ಬಿದ್ದಿರುವಾಗ ಕನ್ನಡದಲ್ಲಿ ನಾಲ್ಕೈದು ಇರಬಹುದು, ಅದರಲ್ಲೂ ಒಂದೆರಡು "ಮೂರೇ ದಿನದಲ್ಲಿ ಗುಣ" ಎನ್ನುವಂಥವು. ಪೈಪೋಟಿಯೇ ಇಲ್ಲದ ಓಟದಲ್ಲಿ ಗೆಲ್ಲಲು ಒಳ್ಳೆಯ ಓಟಗಾರ ಆಗಬೇಕಿಲ್ಲ. ಅದಕ್ಕೇ ಸರಿಯಾದ ಮಾಹಿತಿ ಇಟ್ಟುಕೊಂಡ ಕನ್ನಡದ ಪುಟ ನಿಧಾನವಾಗಿದ್ದರೆ ನಮಗೆ ಹೊಟ್ಟೆ ಉರಿಯುವುದು.

ಸರಾಸರಿ ಕೆಟ್ಟಿತು, ಜನ ಬಂದರು

ವೇಗ ಎಂದರೆ ಅಂಕಪಟ್ಟಿ ಎಂದುಕೊಂಡವರಿಗೆ ಯೂಟ್ಯೂಬ್‌ನ ಹಳೆಯ ಕಥೆಯೊಂದನ್ನು ಹೇಳಬೇಕು. 2009ರ ಸುಮಾರಿಗೆ ಅಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಜಕರಾಯಸ್ ಎಂಬವರು, ವಿಡಿಯೊ ನೋಡುವ ಪುಟದ ತೂಕ 1.2 ಎಂಬಿ ಮುಟ್ಟಿದ್ದನ್ನು ಕಂಡು, ಅದನ್ನು 100 ಕೆಬಿಗಿಂತ ಕೆಳಕ್ಕೆ ಇಳಿಸುವ ಹಟ ಹಿಡಿದರು. ಬೇಡದ್ದನ್ನೆಲ್ಲ ಕಿತ್ತು 98 ಕೆಬಿಗೆ ತಂದರು. ಕೆಲಸಕ್ಕೆ ಇಟ್ಟ ಹೆಸರು ಫೆದರ್, ಅಂದರೆ ಹಕ್ಕಿಯ ಗರಿ. ಒಂದಿಷ್ಟು ಜನರಿಗೆ ಈ ಪುಟ ಕೊಟ್ಟು ಒಂದು ವಾರ ಬಿಟ್ಟು ನೋಡಿದರೆ, ಪುಟ ತೆರೆಯಲು ಹಿಡಿಯುವ ಸರಾಸರಿ ಸಮಯ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು!

ಕೆಲಸ ವ್ಯರ್ಥವಾಯಿತೇ ಎಂದು ತಲೆ ಕೆಡಿಸಿಕೊಂಡು ಊರು ಊರಿನ ಲೆಕ್ಕ ಬಿಡಿಸಿ ನೋಡಿದಾಗ ಕಾರಣ ಸಿಕ್ಕಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯಾದ ಕೆಲವು ಕಡೆಗಳಿಂದ ಬರುವವರು ಒಮ್ಮೆಲೇ ಹೆಚ್ಚಿದ್ದರು. ಅಲ್ಲಿ ಹಗುರ ಪುಟ ತೆರೆಯಲೂ ಎರಡು ನಿಮಿಷ ಬೇಕಿತ್ತು. ಹಳೆಯ ಪುಟವಾದರೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಯಾರು ಕಾಯುತ್ತಾರೆ? ಅಲ್ಲಿಯವರೆಗೆ ಅವರು ಲೆಕ್ಕದಲ್ಲೇ ಇರಲಿಲ್ಲ, ಹಾಗಾಗಿ ಸರಾಸರಿ ಚೆಂದ ಕಾಣುತ್ತಿತ್ತು. ಎರಡು ನಿಮಿಷವಾದಾಗ ಅವರು ಕಾದರು, ನೋಡಿದರು, ಅವರ ಎರಡೆರಡು ನಿಮಿಷಗಳು ಸೇರಿ ಸರಾಸರಿ ಮೇಲಕ್ಕೆ ಹೋಯಿತು. "ನಮ್ಮ ಓದುಗರಿಗೆಲ್ಲ ಸೈಟ್ ಬೇಗನೇ ತೆರೆಯುತ್ತದೆ" ಎಂದು ಯಾರಾದರೂ ಹೇಳಿದಾಗ ಈ ಕಥೆ ನಮಗೆ ನೆನಪಾಗುತ್ತದೆ. ತೆರೆಯದವರು ಓದುಗರ ಪಟ್ಟಿಯಲ್ಲೇ ಇರುವುದಿಲ್ಲವಲ್ಲ.

ನಿಮ್ಮ ಕೈಯಲ್ಲಿ ಆಗುವುದು

ನಿಮ್ಮದೇ ಸೈಟ್ ಇದ್ದರೆ ಮೊದಲು ಮುಟ್ಟಬೇಕಾದ್ದು ಚಿತ್ರಗಳನ್ನು. ಫೋನಿನ ಕ್ಯಾಮೆರಾದ ಫೋಟೊ 4000×3000 ಪಿಕ್ಸೆಲ್ ಎಂದುಕೊಳ್ಳಿ, ಅಂದರೆ 1.2 ಕೋಟಿ ಚುಕ್ಕೆ. ಫೋನಿನ ಪರದೆಯ ಅಗಲ 1080 ಪಿಕ್ಸೆಲ್ ಇದ್ದರೆ, ಆ ಅಳತೆಗೆ ಕುಗ್ಗಿಸಿದ ಫೋಟೊದಲ್ಲಿ 9 ಲಕ್ಷಕ್ಕಿಂತ ಕಡಿಮೆ ಚುಕ್ಕೆ. ಕಣ್ಣಿಗೆ ವ್ಯತ್ಯಾಸ ಕಾಣದು, ಕಳಿಸಬೇಕಾದ್ದು ಮಾತ್ರ ಸುಮಾರು ಹದಿಮೂರರಲ್ಲಿ ಒಂದು ಪಾಲು. ಇದಕ್ಕೆ ದುಡ್ಡೂ ಬೇಡ, ಎಂಜಿನಿಯರೂ ಬೇಡ. ಆಮೇಲೆ, ಪುಟಕ್ಕೆ ಅಂಟಿಸಿ ಮರೆತ ಹಳೆಯ ಪ್ರೋಗ್ರಾಮುಗಳನ್ನು ಕಿತ್ತುಹಾಕಿ: ಯಾರೂ ಒತ್ತದ ಹಂಚಿಕೆ ಬಟನ್, ಯಾರೂ ಉತ್ತರಿಸದ ಚಾಟ್ ಪೆಟ್ಟಿಗೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಪುಟದಲ್ಲಿ ನಿಮ್ಮ ವಿಳಾಸ ಹಾಕಿದರೆ ಮೊಬೈಲ್ ಮತ್ತು ಕಂಪ್ಯೂಟರ್ ಎರಡರ ವರದಿ ಸಿಗುತ್ತದೆ. ಮೊಬೈಲಿನದನ್ನು ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ, ಮನೆಯ ಹಿರಿಯರ ಫೋನು ಇಸಿದುಕೊಂಡು, ವೈಫೈ ಆರಿಸಿ, ಒಮ್ಮೆ ತೆರೆದು ನೋಡುವುದು.

ಗುಂಪಿನಲ್ಲಿ ಲಿಂಕ್ ಹಾಕುವವರಾದರೆ, ಲಿಂಕ್ ಒಂದನ್ನೇ ಹಾಕಬೇಡಿ. ಅದರಲ್ಲಿರುವ ಮುಖ್ಯ ಮಾತನ್ನು ಎರಡು ಸಾಲಿನಲ್ಲಿ ನೀವೇ ಬರೆದು, ಬರೆದವರು ಯಾರು, ಯಾವ ದಿನಾಂಕದ್ದು ಎಂದು ಸೇರಿಸಿ, ಕೆಳಗೆ ಲಿಂಕ್ ಇಡಿ. "ದೊಡ್ಡಪ್ಪ, ಎಳನೀರು ಕುಡಿಯಲಿ, ಡಾಕ್ಟರು ಬೇಡ ಅಂದಿಲ್ಲದಿದ್ದರೆ ತೊಂದರೆ ಇಲ್ಲ. ಬಿಸಿ ಮಾಡಿದರೆ ಕ್ಯಾನ್ಸರಿಗೆ ಔಷಧ ಆಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಕಿಮೋ ಮಾತ್ರ ಒಂದು ದಿನವೂ ತಪ್ಪಿಸೋದು ಬೇಡ." ಇಷ್ಟು ಬರೆದರೆ ಲಿಂಕ್ ತೆರೆಯದಿದ್ದರೂ ಹೇಳಬೇಕಾದ್ದು ತಲುಪಿರುತ್ತದೆ.

ನಮ್ಮ ಪುಟಗಳೂ ಇನ್ನೂ ಎಲ್ಲ ಫೋನಿನಲ್ಲಿ ಸಲೀಸಾಗಿ ತೆರೆಯುತ್ತವೆ ಎಂದು ಹೇಳುವ ಧೈರ್ಯ ನಮಗಿಲ್ಲ. ಈ ಲೇಖನ ನಿಮಗೆ ತಡವಾಗಿ ತೆರೆದಿದ್ದರೆ, ಅಕ್ಷರ ಕತ್ತರಿಸಿ ಕಂಡಿದ್ದರೆ, ಫೋನಿನ ಮಾದರಿ, ನೆಟ್‌ವರ್ಕ್, ನಿಮ್ಮ ಊರಿನ ಹೆಸರು ಇಷ್ಟನ್ನು ಬರೆದು ಕಳಿಸಿ. ಸ್ಕ್ರೀನ್‌ಶಾಟ್ ಕಳಿಸಿದರೂ ಆಗುತ್ತದೆ.